ದಾರ ಉಳಿದ ಸೂಜಿಗಳು

೧೯೮೮ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು, ಅಂಕ ನೋಡಲು ಹೋಗಲಿಲ್ಲ. ಮಾರನೆಯ ವಾರದಿಂದ ಮಂಡಿ ಮೊಹಲ್ಲಾದ ಒಂದು ಲೇತ್ ಅಂಗಡಿಯಲ್ಲಿ ಕಬ್ಬಿಣದ ಚೂರು ಗುಡಿಸತೊಡಗಿದೆ. ಓದು ತಲೆಗೆ ಹತ್ತದಿದ್ದರೂ ಕಣ್ಣು ಚುರುಕಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅಳತೆ ಹಿಡಿಯುವ ಮೊದಲೇ ಹೇಳಿಬಿಡುತ್ತಿದ್ದೆ. ಆ ಕಣ್ಣನ್ನು ನಂಬಿಕೊಂಡೇ ಮೇಟಗಳ್ಳಿಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದೆ, ಹೂಟಗಳ್ಳಿಯಲ್ಲಿ ಮನೆ ಕಟ್ಟಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೋದ ತಿಂಗಳು ಅಂಗಿಯ ಗುಂಡಿ ಕಿತ್ತುಬಂತು. ಹೆಂಡತಿ ಮಗಳ ಮನೆಗೆ ಹೋಗಿದ್ದಳು. ಸೂಜಿ, ದಾರ ಹುಡುಕಿಕೊಂಡು ಕಿಟಕಿಯ ಬೆಳಕಿಗೆ ಕೂತೆ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಸೂಜಿಯ ಕಣ್ಣಿಗೆ ಹಿಡಿದೆ. ಹೋಗಲಿಲ್ಲ. ಮತ್ತೆ ಹಿಡಿದೆ. ಏಳೆಂಟು ಸಲ ಹಿಡಿದ ಮೇಲೆ ದಾರವೇ ಸೀಳಿ ಎರಡಾಯಿತು. ನಾಲಿಗೆಯ ಮೇಲೆ ಹತ್ತಿ ದಾರದ ಸಪ್ಪೆ ರುಚಿ ಉಳಿಯಿತು. ಎಷ್ಟೋ ಬೆಳಗುಗಳಲ್ಲಿ ಆ ರುಚಿಯ ಮೇಲೆಯೇ ನಾನು ಕಾಫಿ ಕುಡಿದದ್ದುಂಟು... ಪಕ್ಕದ ಮನೆಯ ದೊಡ್ಡಮ್ಮ ಕಣ್ಣೆದುರು ಬಂದು ನಿಂತರು.

ದೊಡ್ಡಮ್ಮ ಅನ್ನುತ್ತಿದ್ದೆನೇ ಹೊರತು ಸಂಬಂಧವೇನೂ ಇರಲಿಲ್ಲ. ಅವರು ಚರ್ಚಿಗೆ ಹೋಗುವವರು, ನಾವು ಮಠಕ್ಕೆ ನಡೆದುಕೊಳ್ಳುವವರು. ನಡುವೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ಬೀದಿಯ ಮಕ್ಕಳಿಗೆ ಅವರು ಕೌದಿ ಅಜ್ಜಿ. ಹಳೆಯ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲೇ ಹೊಲಿದು ಹೊದಿಕೆ ಮಾಡಿಕೊಡುತ್ತಿದ್ದರು. ಬೇಸಿಗೆಯಲ್ಲಿ ಒಗೆದ ಬಟ್ಟೆ ಬೇಗ ಒಣಗುವುದರಿಂದ ವಾರಕ್ಕೊಂದು ಕೌದಿ ಆಗುತ್ತಿತ್ತು. ಸೋಮವಾರ ಬಟ್ಟೆ ಹರಿದು ಜೋಡಿಸುವರು. ಮಂಗಳವಾರ ಅಂಚಿನಿಂದ ಹೊಲಿಗೆ ಶುರು. ಸುತ್ತಿ ಸುತ್ತಿ ಒಳಕ್ಕೆ ಬಂದರೆ ಶನಿವಾರ ಸಂಜೆಗೆ ನಟ್ಟನಡುವೆ ಬಂದು ಮುಗಿಯುವುದು. ಭಾನುವಾರ ಸೂಜಿ ಮುಟ್ಟುತ್ತಿರಲಿಲ್ಲ. ಚರ್ಚಿನಿಂದ ಬಂದವರು ಇಡೀ ದಿನ ಗಿಡಗಳ ಜೊತೆ ಇರುತ್ತಿದ್ದರು.

ಗಿಡ ಅಂದರೆ ಗೋಡೆ ಬದಿಯ ಎರಡು ಅಡಿ ಮಣ್ಣು, ಅಷ್ಟೇ. ಅದರಲ್ಲೇ ಬೆಂಡೆ, ಬದನೆ, ದಂಟು, ಕನಕಾಂಬರ. ತುಪ್ಪದ ಹೀರೆ ಬಳ್ಳಿ ಗೋಡೆ ಹತ್ತಿ ನಮ್ಮ ಕಡೆಗೂ ಇಳಿಯುತ್ತಿತ್ತು. ಬೇಸಿಗೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲ ಗಿಡಕ್ಕೆ ಹೋಗುತ್ತಿತ್ತು. ಕೌದಿಗೂ ಬಾರದ ಚಿಕ್ಕ ಚಿಂದಿಗಳನ್ನು ನೆನೆಸಿ ಬುಡಕ್ಕೆ ಸುತ್ತಿಡುತ್ತಿದ್ದರು, ತಂಪು ಬೇಗ ಆರದಿರಲಿ ಎಂದು. ಯಾರದೋ ಮದುವೆ ಸೀರೆಯ ಜರಿ ಅಂಚು ಬದನೆ ಬುಡದಲ್ಲಿ ಮಿಂಚುತ್ತಿದ್ದುದು ಈಗಲೂ ನೆನಪಿದೆ. ಬಲಿತು ಒಣಗಿದ ಹೀರೆಕಾಯಿಯ ನಾರನ್ನು ನಾವು ಮೈ ಉಜ್ಜಲು ಇಟ್ಟುಕೊಂಡರೆ, ಅವರು ಸೂಜಿ ಚುಚ್ಚಿಡಲು ಇಟ್ಟುಕೊಂಡಿದ್ದರು.

ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಶನ್ ಮಾಡಿಸಿ ಅಂದರೆ ಬೇಸಿಗೆಯಲ್ಲಿ “ಮಳೆ ಬರ್ಲಿ ಬುಡು” ಅನ್ನುವರು, ಮಳೆಗಾಲದಲ್ಲಿ “ಬೇಸ್ಗೆ ಬರ್ಲಿ ಬುಡು” ಅನ್ನುವರು. ಹೊಲಿಯಲು ಕಣ್ಣು ಬೇಕಿರಲಿಲ್ಲ, ಬೆರಳಿಗೇ ದಾರಿ ಗೊತ್ತಿತ್ತು. ಸೂಜಿಗೆ ದಾರ ಪೋಣಿಸುವುದು ಮಾತ್ರ ಆಗುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮೊಮ್ಮಕ್ಕಳು ಪೋಣಿಸಿಕೊಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಆ ಮಕ್ಕಳು ತಾಯಿಯ ತವರಿಗೆ ಹೋಗಿಬಿಡುವರು. ಮಗ ಲಾರಿ ಡ್ರೈವರ್, ಹೋದರೆ ವಾರಗಟ್ಟಲೆ ಬರುವವನಲ್ಲ. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಏಳಕ್ಕೇ ಹೊರಡಬೇಕು. ಹಾಗಾಗಿ ಒಂದು ಬೇಸಿಗೆಯ ಬೆಳಿಗ್ಗೆ ದೊಡ್ಡಮ್ಮ ಸೂಜಿ ಹಿಡಿದು ಗೋಡೆಯ ಹತ್ತಿರ ಬಂದರು. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಒದ್ದಾಡುತ್ತಿದ್ದಳು. ನಾನು ಇಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿದೆ.

“ಅಬ್ಬ, ಯಾವ್ ಕಾಲೇಜಲ್ ಓದ್ದೆ ಎಂಜಿನಿಯರಪ್ಪ ನೀನು?” ಅಂದರು ದೊಡ್ಡಮ್ಮ.

“ಕಬ್ಬಿಣದ ಕಾಲೇಜು.”

“ಸ್ವಂತ ಅಂಗಿ ಗುಂಡಿ ಕಿತ್ತೋದ್ರೆ ಮೂರ್ ದಿನ ಪಿನ್ನು ಹಾಕ್ಕೊಂಡ್ ಓಡಾಡ್ತಾರೆ,” ಅಂದಳು ನನ್ನ ಹೆಂಡತಿ. “ಹೊಗಳೋರ್ ಸಿಕ್ಕಿದ್ರೆ ನೋಡಿ, ಕೈ ಎಂಗ್ ಓಡ್ತದೆ.”

ಅವಳು ಹೇಳಿದ್ದು ನಿಜ. ಎಂಟನೇ ಕ್ಲಾಸಿಗೆ ಬಿಟ್ಟವನನ್ನು ಎಂಜಿನಿಯರಪ್ಪ ಎಂದು ಕರೆದರೆ ಒಳಗೆ ಎಲ್ಲೋ ಸಿಹಿಯಾಗುತ್ತಿತ್ತು. ಅಂದಿನಿಂದ ಪ್ರತಿ ಬೇಸಿಗೆ ಆ ಕೆಲಸ ನನ್ನದಾಯಿತು. ದಿನಕ್ಕೆ ಇಪ್ಪತ್ತು ಸೂಜಿ. ಒಂದೊಂದಕ್ಕೂ ಒಂದು ಮಾರು ದಾರ, ತುದಿಗೆ ಗಂಟು. ಬೆಳಿಗ್ಗೆ ಹೀರೆನಾರಿನ ತುಂಬ ಖಾಲಿ ಸೂಜಿ ಚುಚ್ಚಿಕೊಂಡು ಬರುವರು. ನಾನು ಪೋಣಿಸುವಷ್ಟು ಹೊತ್ತು ಗೋಡೆಯಾಚೆ ನಿಂತು ಮಾತಾಡುವರು. ಕೊನೆಗೊಂದು ಲೋಟ ಕಾಫಿ. ಅಷ್ಟರಲ್ಲಿ ಎಂಟಾಗುತ್ತಿತ್ತು, ನಾನು ಗಾಡಿ ಹತ್ತುತ್ತಿದ್ದೆ. ಹೀಗೆ ಐದು ಬೇಸಿಗೆ...

ಕೊನೆಯ ಬೇಸಿಗೆಗೆ ನಾಲ್ಕು ವರ್ಷವಾಯಿತು. ನನ್ನ ಮಗಳು ಆಗ ಬಸುರಿ, ಎಂಟು ತಿಂಗಳು ತುಂಬಿತ್ತು. ಮುಂದಿನ ವಾರ ಬಾಣಂತನಕ್ಕೆ ಕರೆತರುವುದಿತ್ತು. ಮಗುವಿಗೆ ಕೌದಿ ಹೊಲಿಯುತ್ತೇನೆ ಎಂದು ದೊಡ್ಡಮ್ಮ ಬೇರೆಯವರ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟರು. ಸೋಮವಾರ ನಾನು ಅಂಗಡಿಯಿಂದ ಒಳ್ಳೆಯ ಬಟ್ಟೆ ತಂದುಕೊಟ್ಟೆ. ಕೈಯಾಡಿಸಿ ನೋಡಿ ವಾಪಸ್ ಕೊಟ್ಟರು.

“ಇದ್ನ ನೀನೇ ಹೊದ್ಕೊ. ಹೊಸಾ ಬಟ್ಟೆ ಎಳೇ ಮೈಗೆ ಚುಚ್ತದೆ. ನಿನ್ ಹಳೇ ಅಂಗಿ ತತ್ತಾ.”

“ಅದ್ರ ತುಂಬ ಆಯಿಲ್ ಕಲೆ ದೊಡ್ಡಮ್ಮ.”

“ದುಡ್ದಿರೋ ಕಲೆ ತಾನೆ. ಕದ್ದಿರೋದಲ್ವಲ್ಲ.”

ನನ್ನ ಮನೆಯ ಮೊದಲ ಮೊಮ್ಮಗು ಕಲೆಯ ಬಟ್ಟೆ ಹೊದೆಯುವುದೆಂದರೆ ಮನಸ್ಸಿಗೆ ಕಸಿವಿಸಿ. ಆದರೂ ನೂರಾರು ಸಲ ಒಗೆದು ಬಿಳಚಿದ ನಾಲ್ಕು ಅಂಗಿ ಕೊಟ್ಟೆ. ಸಂಜೆ ಬರುವಷ್ಟರಲ್ಲಿ ಕಲೆಗಳನ್ನೆಲ್ಲ ಒಳಪದರಕ್ಕೆ ಹಾಕಿ ಹಾಸಿಬಿಟ್ಟಿದ್ದರು. ಮಂಗಳವಾರ ಬೆಳಿಗ್ಗೆ ಇಪ್ಪತ್ತು ಸೂಜಿಗೆ ಪೋಣಿಸಿದೆ. ಬುಧವಾರ ಇಪ್ಪತ್ತೂ ಖಾಲಿಯಾಗಿ ಬಂದವು, ಮತ್ತೆ ಪೋಣಿಸಿದೆ.

ಗುರುವಾರ ನಾರು ಕೈಗೆ ತಗೊಂಡರೆ ಐದು ಸೂಜಿಯಲ್ಲಿ ಹಿಂದಿನ ದಿನದ ದಾರ ಹಾಗೇ ಇತ್ತು.

“ಏನ್ ದೊಡ್ಡಮ್ಮ, ಕೆಲ್ಸ ಕದೀತಿದ್ದೀರಾ?”

“ಸೆಕೆ ಕಣಪ್ಪ. ಕೈಯೆಲ್ಲ ಬೆವರಿ ಸೂಜಿ ಜಾರ್ತದೆ.”

ಒಂದು ಫ್ಯಾಕ್ಟರಿಗೆ ಶನಿವಾರ ಮಧ್ಯಾಹ್ನದೊಳಗೆ ಶಾಫ್ಟ್‌ಗಳನ್ನು ಕೊಡಬೇಕಿತ್ತು. ನನ್ನ ತಲೆಯಲ್ಲಿ ಅದೇ ತಿರುಗುತ್ತಿತ್ತು. ಪೋಣಿಸಬೇಕಾದದ್ದು ಹದಿನೈದೇ, ಎರಡು ನಿಮಿಷ ಉಳಿಯಿತು ಎಂದು ಸಂತೋಷಪಟ್ಟೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ... ಸಂತೋಷಪಟ್ಟೆ. ಅಂದು ಸಂಜೆ ಹೀರೆ ಎಲೆಗಳು ಬಾಡಿ ಜೋತಿದ್ದವು. ನನ್ನ ಹೆಂಡತಿ ಗೋಡೆಯ ಈ ಕಡೆಯಿಂದಲೇ ಎರಡು ಬಕೆಟ್ ನೀರು ಸುರಿದಳು. ಬಿಸಿಲು ಜಾಸ್ತಿ ಅಂದುಕೊಂಡೆವು.

ಶುಕ್ರವಾರ ಹನ್ನೊಂದು ಸೂಜಿಯಲ್ಲಿ ದಾರವಿತ್ತು.

“ನಿಮ್ ಮಿಷಿನ್ ಸ್ಪೀಡು ಕಮ್ಮಿ ಆಗೋಗಿದೆ ದೊಡ್ಡಮ್ಮ.”

“ವಯಸ್ಸಾದ್ ಮಿಷಿನ್ನು ಕಣೋ. ನೀನು ಗ್ರೀಸ್ ಹಾಕಿದ್ರೂ ಓಡಲ್ಲ.”

ಇಬ್ಬರೂ ನಕ್ಕೆವು. ಒಂಬತ್ತು ಸೂಜಿ ಮುಗಿಸಿ ನಾರನ್ನು ಕೊಟ್ಟೆ. ಅವರು ಅದನ್ನು ಎರಡು ಕೈಯಲ್ಲಿ ಹಿಡಿಯದೆ ಬಲಗೈಯೊಂದನ್ನೇ ಚಾಚಿದರು.

“ಇವತ್ತು ಆಸ್ಪತ್ರೆ ಕಡೆ ಏನಾದ್ರೂ ಹೋಗ್ತೀಯೇನಪ್ಪ?”

“ಯಾಕೆ?”

“ಎಡಗೈ ಜೋಮು ಹಿಡ್ದಂಗೈತೆ. ಉಸ್ರು ಸ್ವಲ್ಪ... ಏನಿಲ್ಲ ಬುಡು. ಒಂದ್ಸಲ ತೋರ್ಸಣಾ ಅಂತ.”

“ದಿನಾ ಬಗ್ಗಿ ಹೊಲೀತೀರಲ್ಲ, ಅದಕ್ಕೇ. ನಾಳೆ ಮಧ್ಯಾಹ್ನ ಡೆಲಿವರಿ ಕೊಟ್ಟು ಬಂದ್ಬುಡ್ತೀನಿ. ಸಾಯಂಕಾಲ ನಾನೇ ಕರ್ಕೊಂಡ್ ಹೋಗ್ತೀನಿ.”

“ಆಗ್ಲಿ. ಕೆಲ್ಸ ಕೆಡಿಸ್ಕೋಬ್ಯಾಡ. ನಮ್ ಸೊಸೆ ಕಿವಿಗೆ ಹಾಕ್ಬ್ಯಾಡ, ಸುಮ್ನೆ ರಜಾ ಹಾಕ್ಬುಡ್ತಾಳೆ.”

ನಾನು ಸೊಸೆಗೆ ಹೇಳಲಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ. ಗೇಟು ದಾಟುವಷ್ಟರಲ್ಲಿ ಮರೆತಿದ್ದೆ.

ಶನಿವಾರ ಗೋಡೆಯಾಚೆಯಿಂದ ಕರೆ ಬರಲಿಲ್ಲ. ಇವತ್ತು ಕೌದಿ ಮುಗಿಯುವ ದಿನ, ಸೂಜಿ ಉಳಿದಿರಬೇಕು ಎಂದುಕೊಂಡು ಏಳೂವರೆಗೇ ಹೊರಟೆ. ಹತ್ತು ಗಂಟೆಯಾದರೂ ಅವರ ಗೇಟಿನ ಚೀಲದಲ್ಲಿ ಹಾಲಿನ ಪ್ಯಾಕೆಟ್ಟು ಬಿಸಿಲಲ್ಲಿ ನೇತಾಡುತ್ತಿದ್ದುದನ್ನು ನನ್ನ ಹೆಂಡತಿ ನೋಡಿದ್ದಾಳೆ. ಒಳಗೆ ಹೋದರೆ ದೊಡ್ಡಮ್ಮ ಹಾಸಿದ ಕೌದಿಯ ಪಕ್ಕದಲ್ಲೇ ಮಗ್ಗುಲಾಗಿ ಮಲಗಿದ್ದರಂತೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಫೋನ್ ಬಂದದ್ದೇ ನಾನು ವರ್ಕ್‌ಶಾಪಿನಿಂದ ಆಯಿಲ್ ಕೈಯಲ್ಲೇ ಓಡಿದೆ. ಡಾಕ್ಟರು ಹೊರಗೆ ಬಂದು ಹೃದಯ ನಿಂತು ಆಗಲೇ ಒಂದು ಗಂಟೆಯ ಮೇಲಾಗಿದೆ ಎಂದರು. ಮೂರ್ನಾಲ್ಕು ದಿನದಿಂದ ಏನಾದರೂ ಸೂಚನೆ ಇದ್ದಿರಬೇಕಲ್ಲ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಗೋಡೆಗೆ ಒರಗಿ ನಿಂತಿದ್ದೆ.

ಆ ಸಂಜೆ ಅವರ ಮನೆಯಲ್ಲಿ ಹೀರೆನಾರು ಕಣ್ಣಿಗೆ ಬಿತ್ತು. ಎಣಿಸಿದೆ. ಇಪ್ಪತ್ತರಲ್ಲೂ ದಾರವಿತ್ತು. ಶುಕ್ರವಾರ ಅವರು ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಇಡೀ ದಿನ ಒಂದು ಕೈಯಲ್ಲಿ ಆ ಕೌದಿಯ ಮುಂದೆ ಸುಮ್ಮನೆ ಕೂತಿದ್ದರೋ ಏನೋ... ತಿರುಗುವ ಲೇತಿನ ಸದ್ದು ಒಂದಿಷ್ಟು ಬದಲಾದರೆ ನಾನು ಓಡಿಹೋಗಿ ಸ್ವಿಚ್ ಆಫ್ ಮಾಡುತ್ತೇನೆ. ಟೂಲ್ ಸವೆದದ್ದನ್ನು ನೋಡಿ ಮಿಷಿನ್ನಿಗೆ ಏನಾಗಿದೆ ಎಂದು ಹೇಳುತ್ತೇನೆ. ಗುರುವಾರ, ಶುಕ್ರವಾರ ಎರಡು ಬೆಳಿಗ್ಗೆಯೂ ಆ ನಾರು ನನ್ನ ಕೈಯಲ್ಲೇ ಇತ್ತು.

ದೊಡ್ಡಮ್ಮನ ಮಗ ಗುಜರಾತಿನ ಕಡೆ ಹೋಗಿದ್ದವನು ಸೋಮವಾರ ಬೆಳಿಗ್ಗೆ ಬಂದು ತಲುಪಿದ. ಮಣ್ಣು ಮಾಡಿ ಬಂದ ಮೇಲೆ ನನ್ನ ಪಕ್ಕ ಬಂದು ಕೂತ. ಅವನ ಮಾತಿನಲ್ಲಿ ದೂರು ಇರಲಿಲ್ಲ, ತಾಯಿಯ ಕೊನೆಯ ಮಾತು ಏನಾದರೂ ಸಿಗಬಹುದೇ ಎಂಬ ಆಸೆಯಿತ್ತು.

“ಅಣ್ಣ, ದಿನಾ ಬೆಳಿಗ್ಗೆ ನೀವ್ ನೋಡ್ತಿದ್ರಿ. ಅಮ್ಮ ಏನಾದ್ರೂ ಅಂದ್ಲಾ? ಕೈ ನೋವು, ಎದೆ ನೋವು, ಏನಾದ್ರೂ?”

“ಇಲ್ಲ ಕಣೋ,” ಅಂದೆ. “ಚೆನ್ನಾಗೇ ಇದ್ರು. ನಕ್ಕೊಂಡೇ ಮಾತಾಡಿದ್ರು.”

ಯಾರ ಮುಂದೆಯೂ ತಲೆ ತಗ್ಗಿಸಿ ಗೊತ್ತಿಲ್ಲದವನು ನಾನು. ಆ ಗಳಿಗೆಯಲ್ಲೂ ತಗ್ಗಿಸಲಾಗಲಿಲ್ಲ.

ಕೌದಿಯನ್ನು ಸೊಸೆ ಹಾಗೇ ಮಡಿಸಿ ತಂದುಕೊಟ್ಟಳು. ನಡುವೆ ಎರಡು ಗೇಣಿನಷ್ಟು ಹೊಲಿಗೆಯಿರಲಿಲ್ಲ, ಪದರಗಳು ಉಬ್ಬಿಕೊಂಡಿದ್ದವು. ಅದನ್ನು ಮುಗಿಸಲು ನಮ್ಮ ಮನೆಯಲ್ಲಿ ಯಾರೂ ಮುಂದೆ ಬರಲಿಲ್ಲ. ಮೊಮ್ಮಗ ಅದರಲ್ಲೇ ಮಲಗಿ ಬೆಳೆದ.

ದೊಡ್ಡಮ್ಮನ ಮಗ ಊರೂರು ತಿರುಗುವ ಲಾರಿ ಬಿಟ್ಟು ಇಲ್ಲೇ ಸ್ಕೂಲ್ ವ್ಯಾನ್ ಓಡಿಸತೊಡಗಿದ. ನಾಲ್ಕು ವರ್ಷ ಅವನು ನನ್ನನ್ನು ಅಣ್ಣನ ಹಾಗೆಯೇ ನಡೆಸಿಕೊಂಡ. ಅಮ್ಮನ ಗಿಡಗಳನ್ನೂ ಬಿಡಲಿಲ್ಲ, ಮೊದಲ ಬೆಂಡೆಕಾಯಿ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ನೆಂಟರು ಬಂದರೆ ನನ್ನನ್ನು ತೋರಿಸಿ, “ನಮ್ಮಮ್ಮಂಗೆ ಕೊನೇವರ್ಗೂ ಸೂಜಿ ಪೋಣಿಸ್ಕೊಟ್ಟೋರು ಇವ್ರೇ” ಅನ್ನುತ್ತಿದ್ದ. ಆ ಮಾತು ಬಂದಾಗಲೆಲ್ಲ ಏನೋ ಕೆಲಸವಿದೆಯೆಂದು ಒಳಗೆ ಹೋಗಿಬಿಡುತ್ತಿದ್ದೆ.

ಹೋದ ತಿಂಗಳು ಗುಂಡಿ ಹೊಲಿಯಲು ಕೂತ ದಿನ ಆ ಸಪ್ಪೆ ರುಚಿ ಬಾಯಿಂದ ಹೋಗಲೇ ಇಲ್ಲ. ಮಾರನೆಯ ದಿನ ಭಾನುವಾರ. ಅವನು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದ. ಗೇಟು ತೆಗೆದು ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಐದು ಸೂಜಿ, ಹನ್ನೊಂದು ಸೂಜಿ, ಶುಕ್ರವಾರ ಅವರು ಕೇಳಿದ್ದು, ನಾನು ನಾಳೆ ಎಂದದ್ದು. ಅವನು ಪೈಪನ್ನು ಒಂದೇ ಗಿಡದ ಬುಡಕ್ಕೆ ಹಿಡಿದು ನಿಂತುಬಿಟ್ಟಿದ್ದ. ನೀರು ಪಾತಿ ತುಂಬಿ, ಕೆಸರಾಗಿ, ನನ್ನ ಚಪ್ಪಲಿಯವರೆಗೂ ಹರಿದು ಬಂತು.

“ಜೋಮು ಅಂದಿದ್ಲಾ?”

“ಅಂದಿದ್ರು.”

“ಉಸ್ರು?”

“ಅದೂ ಅಂದಿದ್ರು.”

“ಅವತ್ತು ನಾನ್ ಕೇಳ್ದೆ.”

“ಕೇಳ್ದೆ ಕಣೋ. ನಾನ್ ಸುಳ್ಳು ಹೇಳ್ದೆ.”

ಅವನು ಹೋಗಿ ನಲ್ಲಿ ನಿಲ್ಲಿಸಿದ. ಪೈಪನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ. “ಸರಿ ಸಾರ್,” ಅಂದ. ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡ.

ಈಗಲೂ ಎದುರು ಸಿಕ್ಕರೆ ನಿಂತು ಮಾತಾಡಿಸುತ್ತಾನೆ. “ನಮಸ್ಕಾರ ಸಾರ್, ಕೆಲ್ಸಕ್ಕಾ?” ಅನ್ನುತ್ತಾನೆ. ಮರ್ಯಾದೆಗೆ ಒಂದು ಚೂರೂ ಕಡಿಮೆಯಿಲ್ಲ. “ನಾಲ್ಕ್ ವರ್ಷ ಆದ್ಮೇಲೆ ಯಾಕ್ ಹೇಳಕ್ ಹೋದ್ರಿ?” ಎಂದು ನನ್ನ ಹೆಂಡತಿ ಕೇಳಿದಳು. ದೊಡ್ಡಮ್ಮನಿಗೆ ಕೊಡಲು ಆ ನಿಜವೊಂದೇ ಉಳಿದಿತ್ತು ಅನ್ನಿಸುತ್ತದೆ... ಅದೂ ಎಷ್ಟು ತಡವಾಗಿ.

ಈಗ ನನಗಿರುವುದು ಇಷ್ಟು. ಲೇತು ಎರಡು, ಡ್ರಿಲ್ಲಿಂಗ್ ಮಿಷಿನ್ ಒಂದು, ಕೆಲಸದವರು ಮೂವರು. ಸ್ವಂತ ಮನೆ ಒಂದು. ಹೆಂಡತಿ, ಮಗಳು, ಅಳಿಯ, ನಾಲ್ಕು ವರ್ಷದ ಮೊಮ್ಮಗ. ಹೋದ ವಾರ ಮಾಡಿಸಿದ ಕನ್ನಡಕ ಒಂದು. ಪಕ್ಕದ ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಅಣ್ಣ ಅನ್ನುವವರು ಯಾರೂ ಇಲ್ಲ.