ಕಿಲೋ ಕಲ್ಲುಗಳು

ಭಾಗ್ಯನಗರದ ಕಂಪ್ಯೂಟರ್ ಕ್ಲಾಸಿನಲ್ಲಿ ಇವತ್ತು ಜಾವಾ ಪಾಠ. 3.9ನ್ನು ಪೂರ್ಣಾಂಕ ಮಾತ್ರ ಹಿಡಿಯುವ ಇಂಟ್‌ಗೆ ಬದಲಿಸಿದೆ, 3 ಬಂತು. 3.1 ಕೊಟ್ಟರೂ 3. "ಇಂಟ್ ಚುಕ್ಕಿ ಆಚೆಗಿಂದು ಬಿಟ್ಟುಬಿಡತೈತ್ರಿ. ಅದು ಬೇಕಂದ್ರ ಡಬಲ್ ಬಳಸ್ರಿ," ಅಂದರು ಮೇಡಂ.

ಹನುಮಸಾಗರದ ನಮ್ಮ ಕಿರಾಣಿ ಅಂಗಡಿ ನೆನಪಾಯಿತು. ಬೆಲ್ಲದ ಜಿಗುಟು ಹಿಡಿದ ತಕ್ಕಡಿಯಲ್ಲಿ ಅಜ್ಜ ವಾರಕ್ಕೊಮ್ಮೆ ನನ್ನ ಹಸುಗೂಸು ತಮ್ಮನನ್ನು ತೂಗುತ್ತಿದ್ದ. ಪೂರ್ತಿ ತೂಗಿದರೆ ಕೂಸಿಗೆ ದಿಟ್ಟಿ ತಾಗುತ್ತದೆಂದು ಕಿಲೋ ಕಲ್ಲುಗಳನ್ನಷ್ಟೇ ಇಡುತ್ತಿದ್ದ. ಗ್ರಾಮಿನ ಕಲ್ಲು ಮುಟ್ಟುತ್ತಿರಲಿಲ್ಲ.

"ಮಾವಾರ, ಕೂಸು ಹಗುರ ಆಗೇತ್ರಿ," ಅಂದಳು ಅವ್ವ.

"ಹೋದ ವಾರಾನೂ ಮೂರು, ಈಗೂ ಮೂರು. ನಿನ್ನ ಕೈ ಏನ ತಕ್ಕಡೀನ?"

ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು. ತಮ್ಮ ಉಳಿಯಲಿಲ್ಲ.

ಈಗಲೂ ಯಾರ ಕೂಸನ್ನು ಎತ್ತಿಕೊಂಡರೂ ಅವ್ವ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ಇಳಿಸಿ ನೋಡುತ್ತಾಳೆ. ಎಷ್ಟೈತಿ ಅಂತ ಕೇಳಿದರೆ, ಕೂಸನ್ನು ಅದರ ತಾಯಿಗೆ ಕೊಟ್ಟುಬಿಡುತ್ತಾಳೆ.