ತಂಗಿ ಕಡೆದ ಬುಷ್

ಗೋದಾಮುಗಳ ಹಿಂದಿನ ಬೀದಿಯಲ್ಲಿ ಒಂದು ವರ್ಕ್‌ಶಾಪ್ ಇತ್ತು. ಹಿಟ್ಟಿನ ಗಿರಣಿ, ನೀರಿನ ಪಂಪು, ಮರ ಕೊಯ್ಯುವ ಯಂತ್ರಗಳಿಗೆ ಬೇಕಾದ ಪುಲ್ಲಿಗಳನ್ನೂ ಆ ಪುಲ್ಲಿಗಳನ್ನು ಯಂತ್ರ ತಿರುಗಿಸುವ ಶಾಫ್ಟಿಗೆ ಕೂರಿಸುವ ಟೇಪರ್ ಬುಷ್‌ಗಳನ್ನೂ ಅಲ್ಲಿ ಮಾಡುತ್ತಿದ್ದರು. ಮುಂದೆ ಕುರ್ಚಿ ಹಾಕಿಕೊಂಡು ಗಿರಾಕಿಗಳೊಡನೆ ಮಾತಾಡುತ್ತಿದ್ದವನು ಅಣ್ಣ. ಒಳಗೆ ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದವಳು ತಂಗಿ. ಬೀದಿಯವರು ಅವಳನ್ನು ಲೇತಕ್ಕ ಎಂದು ಕರೆಯುತ್ತಿದ್ದರು.

ತಾಯಿ ಇಲ್ಲದ ಮನೆ. ಚಿಕ್ಕವಳಿದ್ದಾಗ ಅವಳನ್ನು ಒಬ್ಬಳನ್ನೇ ಬಿಡಲಾಗದೆ ಅಪ್ಪ ವರ್ಕ್‌ಶಾಪಿಗೆ ಕರೆತಂದು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂರಿಸುತ್ತಿದ್ದ. ಅಣ್ಣನಿಗೆ ಎಣ್ಣೆಯ ವಾಸನೆಯೇ ಆಗುತ್ತಿರಲಿಲ್ಲ. ಇವಳಿಗೆ ಅದೇ ಉಸಿರಾಯಿತು. ಬುಷ್‌ನ ಹೊರಮೈ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ಸಣ್ಣ; ಉದ್ದಕ್ಕೂ ಒಂದು ಸೀಳು. ಪುಲ್ಲಿಯ ತೂತಿಗೂ ಅದೇ ಇಳಿಜಾರು, ಅದೇ ಟೇಪರ್. ಸ್ಕ್ರೂ ಬಿಗಿದಷ್ಟೂ ಬುಷ್ ಒಳಕ್ಕೆ ಸರಿದು, ಸೀಳು ಕಿರಿದಾಗುತ್ತ ಶಾಫ್ಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬಿಚ್ಚುವಾಗ ಅದೇ ಸ್ಕ್ರೂವನ್ನು ಪಕ್ಕದ ತೂತಿಗೆ ಹಾಕಿ ತಿರುಗಿಸಿದರೆ ತಾನೇ ಸಡಿಲವಾಗುತ್ತದೆ. "ಸುತ್ತಿಗೆನೂ ಬೇಡ, ಬೈಗುಳನೂ ಬೇಡ," ಅನ್ನುತ್ತಿದ್ದ ಅಪ್ಪ. ಕಡೆದ ಬುಷ್‌ಗೆ ನೀಲಿ ಬಣ್ಣ ಸವರಿ, ಪುಲ್ಲಿಯೊಳಗೆ ತಿರುಗಿಸಿ ಹೊರತೆಗೆದು, ಬಣ್ಣ ಎಲ್ಲೆಲ್ಲಿ ಅಳಿಸಿದೆ ಎಂದು ನೋಡುವುದನ್ನು ಅವನೇ ಕಲಿಸಿದ. ಬಣ್ಣ ಒಂದೇ ಸಮ ಅಳಿಸಿದ್ದರೆ ಬುಷ್ ಪೂರ್ತಿ ಮೈಯಿಂದ ಹಿಡಿಯುತ್ತದೆ ಎಂದರ್ಥ. ಹಾಗಾದ ದಿನ ಅವಳಿಗೆ ಹಸಿವೂ ಆಗುತ್ತಿರಲಿಲ್ಲ.

ನೋಡಲು ಬಂದ ಗಂಡುಗಳ ಕಣ್ಣು ಅವಳ ಮುಖಕ್ಕಿಂತ ಮೊದಲು ಉಗುರಿನ ಮಸಿಯ ಮೇಲೆ ಬೀಳುತ್ತಿತ್ತು. "ಹುಡುಗಿ ಒಳ್ಳೆಯವಳೇ, ಆದ್ರೆ ನಮ್ಮ ಮನೆಗೆ ಫಿಟ್ಟರ್ ಬೇಕಾಗಿಲ್ಲ," ಎಂದು ಒಬ್ಬಳು ಹೆಂಗಸು ಹೇಳಿ ಹೋದಳು. ಆ ಮಾತಿಗೆ ಅಪ್ಪ ನಕ್ಕ, ಅಣ್ಣ ನಕ್ಕ, ಇವಳೂ ನಕ್ಕಳು. ಆಮೇಲೆ ಯಾರೂ ಬರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ವರ್ಕ್‌ಶಾಪ್ ಅಣ್ಣನ ಹೆಸರಿಗಾಯಿತು. ಅವಳು ಅದನ್ನು ಪ್ರಶ್ನಿಸಲಿಲ್ಲ. ಲೇತ್ ತನ್ನ ಕೈಯಲ್ಲೇ ಇದೆಯಲ್ಲ ಅಂದುಕೊಂಡಳು.

ಒಂದು ಸಲ ಎರಕದ ಮನೆಯಿಂದ ಬಂದ ಪುಲ್ಲಿಯೊಂದನ್ನು ಕಡೆದು ಮುಗಿಸುವ ಹೊತ್ತಿಗೆ ನಡುಭಾಗದಲ್ಲಿ ಗಾಳಿಗುಳ್ಳೆ ಬಾಯಿ ಬಿಟ್ಟಿತು. ಒಳಗೆ ಬೆರಳ ತುದಿ ಹೋಗುವಷ್ಟು ಟೊಳ್ಳು. ಅವಳು ಅದರ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಮೂಲೆಯಲ್ಲಿಟ್ಟು, "ಇದು ಕರಗಿಸೋಕೆ," ಎಂದು ಅಣ್ಣನಿಗೆ ಹೇಳಿದಳು. ಅಣ್ಣ ಹೂಂ ಅಂದ.

ಕೆಲವು ದಿನಗಳಾದ ಮೇಲೆ ಮರ ಕೊಯ್ಯುವ ಮಿಲ್ಲಿನಿಂದ ಸುದ್ದಿ ಬಂತು. ಹೊಸದಾಗಿ ಹಾಕಿಸಿದ ಪುಲ್ಲಿ ಓಡುವಾಗಲೇ ಸೀಳಿ, ಚೂರು ಸಿಡಿದು ಅಲ್ಲಿನ ಮೇಸ್ತ್ರಿಯ ಬಲಗೈ ಜಜ್ಜಿಹೋಗಿತ್ತು. ಆಸ್ಪತ್ರೆಯವರು ಮಣಿಕಟ್ಟಿನ ಮೇಲಿನವರೆಗೆ ಕೈ ಕತ್ತರಿಸಿ ತೆಗೆದರು. ಅಣ್ಣ ತಾನೇ ಹೋಗಿ ಒಡೆದ ತುಂಡುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ.

ಅವಳು ಮೂಲೆಯತ್ತ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ನಾನು ಗೆರೆ ಹಾಕಿಟ್ಟಿದ್ದು ಎಲ್ಲಿ?"

"ಆ ಟೊಳ್ಳಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿ ಕೊಟ್ಟೆ," ಅಂದ ಅಣ್ಣ. "ಅವರಿಗೆ ಅರ್ಜೆಂಟಿತ್ತು. ಹೀಗಾಗುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಮರುದಿನ ಮಿಲ್ಲಿನ ಯಜಮಾನ ಬರುವ ಮುಂಚೆ ಅತ್ತಿಗೆ ಅವಳನ್ನು ಹಿತ್ತಲಿಗೆ ಕರೆದು ಎರಡೂ ಕೈ ಹಿಡಿದುಕೊಂಡಳು. "ಮಗಳಿಗೆ ಸಂಬಂಧ ಕುದುರ್ತಾ ಇದೆ ಕಣೇ. ನಿಮ್ಮಣ್ಣ ಏನು ಹೇಳಿದ್ರೂ ಸುಮ್ಮನಿದ್ದುಬಿಡು. ನಿಂಗೇನು, ಹಿಂದಿಲ್ಲ ಮುಂದಿಲ್ಲ."

ಅಣ್ಣ ಯಜಮಾನನಿಗೆ ಹೇಳಿದ್ದು ಇಷ್ಟು: ಬುಷ್‌ನ ಟೇಪರ್ ತಪ್ಪಿತ್ತು, ಒಂದೇ ಕಡೆ ಬಿಗಿದು ಪುಲ್ಲಿ ಸೀಳಿತು, ಬುಷ್ ಕಡೆದದ್ದು ತಂಗಿ. "ಅಪ್ಪನ ಕಾಲದಿಂದ ರೂಢಿ ಅಂತ ಬಿಟ್ಟಿದ್ದೆ ಸ್ವಾಮಿ. ಇನ್ಮೇಲೆ ಲೇತ್ ಹತ್ರ ಬಿಡಲ್ಲ."

ಯಜಮಾನ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಅನ್ನ ಬಸಿಯೋ ಕೈಗೆ ಕಬ್ಬಿಣ ಕೊಟ್ರೆ ಇನ್ನೇನಾಗುತ್ತೆ," ಅಂದ. ಅವಳು ನಿಜ ಹೇಳಲು ಹೊರಟು ಬಾಗಿಲ ಕಡೆ ನೋಡಿದಳು. ಅತ್ತಿಗೆ ಬಾಗಿಲ ಹಿಂದೆಯೇ ಇದ್ದಳು.

ಹಾಗೆ ಲೇತಕ್ಕ ಅಡುಗೆಮನೆಗೆ ಬಂದಳು. ಅಣ್ಣ ಮೇಸ್ತ್ರಿಯ ಅಳಿಯನನ್ನು ಕರೆದು ಲೇತಿನ ಕೆಲಸಕ್ಕೆ ಹಾಕಿಕೊಂಡ. ಬೀದಿಯಲ್ಲಿ ಅಣ್ಣನ ಮಾನ ಹೆಚ್ಚಿತು. ತಂಗಿ ಮಾಡಿದ ತಪ್ಪಿಗೆ ಆ ಮನೆಗೇ ಅನ್ನದ ದಾರಿ ಮಾಡಿಕೊಟ್ಟ ಪುಣ್ಯಾತ್ಮ ಎಂದರು. ಅಳಿಯ ಕೆಟ್ಟವನೇನಲ್ಲ, ಆದರೆ ಕೈ ಒರಟು. ಅವನು ಕಡೆದ ಬುಷ್‌ಗಳು ಶಾಫ್ಟಿನ ಮೇಲೆ ಜಾರುತ್ತಿದ್ದವು. ಗೋಡೆಯಾಚೆಯಿಂದ ಕೇಳುವ ಲೇತಿನ ಸದ್ದಿನಲ್ಲೇ ಉಳಿ ಎಲ್ಲಿ ನಡುಗುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಒಗ್ಗರಣೆಯ ಸೌಟು ಹಿಡಿದು ನಿಂತುಬಿಡುತ್ತಿದ್ದಳು.

ಎರಡು ಮೂರು ವರ್ಷ ಕಳೆದು ಮಾಲು ಮೇಲಿಂದ ಮೇಲೆ ವಾಪಸ್ಸು ಬರತೊಡಗಿದಾಗ ಅಣ್ಣ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತ.

"ಬಾ, ಒಳಗಿದ್ದು ಮಾಡಿಕೊಡು. ಯಾರಿಗೂ ಗೊತ್ತಾಗಲ್ಲ."

"ಬರ್ತೀನಿ. ಮೇಸ್ತ್ರಿ ಮುಂದೆ ಒಂದ್ಸಲ ನಿಜ ಹೇಳು."

"ಹಳೇದನ್ನ ಯಾಕೆ ಕೆದಕ್ತೀಯ? ಅವರೆಲ್ಲ ಮರೆತಿದ್ದಾರೆ."

"ನಾನು ಮರೆತಿಲ್ಲ."

ಅಣ್ಣ ಹೋದ. ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಇಷ್ಟು ಕಾಲ ಎದುರಿಗೆ ಬಂದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ ಆ ಮೇಸ್ತ್ರಿಯ ಮನೆಗೆ ನಡೆದಳು.

ಮೇಸ್ತ್ರಿ ಜಗಲಿಯ ಮೇಲೆ ಕೂತು ಎಡಗೈಯಲ್ಲಿ ಈರುಳ್ಳಿ ಸಿಪ್ಪೆ ತೆಗೆಯುತ್ತಿದ್ದ. ಅವಳು ನಿಂತೇ ಎಲ್ಲ ಹೇಳಿದಳು: ಗಾಳಿಗುಳ್ಳೆ, ಅಡ್ಡಗೆರೆ, ಪುಟ್ಟಿ. ಅವನು ತಲೆ ಎತ್ತಲಿಲ್ಲ.

"ಗೊತ್ತು ಕಣಮ್ಮ," ಅಂದ. "ಒಡೆದ ತುಂಡು ನನ್ನ ಪಕ್ಕದಲ್ಲೇ ಬಿದ್ದಿತ್ತು. ಒಳಗೆ ಬೆಳ್ಳಗೆ ಪುಟ್ಟಿ. ಕೈ ಹೋಗಿತ್ತು, ಕಣ್ಣು ಹೋಗಿರ್ಲಿಲ್ಲ."

ಅವಳು ಜಗಲಿಯ ಅಂಚಿನಲ್ಲಿ ಕೂತಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ನಿಮ್ಮಣ್ಣ ಜೈಲಿಗೆ, ವರ್ಕ್‌ಶಾಪಿಗೆ ಬೀಗ. ನನ್ನ ಅಳಿಯ ಅವಾಗ ಕೆಲಸ ಇಲ್ದೆ ಅಲೀತಿದ್ದ. ನಿಮ್ಮಣ್ಣ ಆಸ್ಪತ್ರೆಗೆ ಬಂದು ಕೆಲಸ ಕೊಡ್ತೀನಿ ಅಂದ. ನಾನು ಒಪ್ಕೊಂಡೆ." ಅವನು ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡ. "ತಪ್ಪು ನಿನ್ನ ಮೇಲೆ ಬಂದ್ರೆ ಯಾರ ಮನೆಯ ಒಲೆಯೂ ಆರ್ತಿರ್ಲಿಲ್ಲ ತಾಯಿ. ನಿಂಗೆ ಗಂಡ ಇಲ್ಲ, ಮಕ್ಕಳಿಲ್ಲ."

ಅತ್ತಿಗೆ ಹೇಳಿದ್ದೂ ಅದನ್ನೇ. ಕೈ ಕಳೆದುಕೊಂಡವನೂ ಅದನ್ನೇ ಹೇಳುತ್ತಾನೆ ಎಂದು ಅವಳು ಎಣಿಸಿರಲಿಲ್ಲ. ತನ್ನನ್ನು ಶಪಿಸುತ್ತಿದ್ದಾನೆ ಎಂದುಕೊಂಡು ಇಷ್ಟು ವರ್ಷ ಅವನಿಗಾಗಿ ಮರುಗಿದ್ದಳು.

ಅದೇ ವಾರ ಅವಳು ಬಟ್ಟೆಗಂಟು ಕಟ್ಟಿಕೊಂಡು ಮನೆ ಬಿಟ್ಟಳು. ಅಣ್ಣ ತಡೆಯಲಿಲ್ಲ, ಅತ್ತಿಗೆ ಒಂದು ಡಬ್ಬಿಯಲ್ಲಿ ಅನ್ನ ಕಟ್ಟಿಕೊಟ್ಟಳು, ಅವಳು ಅದನ್ನು ಮೆಟ್ಟಿಲ ಮೇಲೆ ಇಟ್ಟು ಹೋದಳು. ಬೇರೆ ವರ್ಕ್‌ಶಾಪುಗಳಲ್ಲಿ ಕೇಳಿದಳು. "ಓ, ಮಿಲ್ಲಿನ ಪುಲ್ಲಿ..." ಎಂದು ಮಾತು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಕೊನೆಗೆ ಊರಾಚೆಯ ಪಂಪ್ ರಿಪೇರಿ ಅಂಗಡಿಯಲ್ಲಿ ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ಸಿಕ್ಕಿತು. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ.

ಅಣ್ಣ ಬುಷ್ ಮಾಡುವುದನ್ನು ನಿಲ್ಲಿಸಿ, ಕಾರ್ಖಾನೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ರೆಡಿ ಮಾಲು ಮಾರತೊಡಗಿದ. ಲೇತನ್ನು ಗುಜರಿಗೆ ಹಾಕಿದ. ಮೇಸ್ತ್ರಿಯ ಅಳಿಯನಿಗೆ ಕೆಲಸ ಹೋಯಿತು. ಒಂದು ಮಧ್ಯಾಹ್ನ ಅವನು ಅವಳನ್ನು ಹುಡುಕಿಕೊಂಡು ಬಂದ.

"ಅಕ್ಕ, ಇನ್ನೊಂದು ಕಡೆ ಕೆಲಸ ಇದೆ. ಟೇಪರ್ ಸರಿಯಾಗಿ ಕಡೆದು ತೋರ್ಸು ಅಂತಾರೆ. ನೀವು ಕಲಿಸಿಕೊಟ್ರೆ ಉಳ್ಕೋತೀನಿ."

ಅವನ ಮುಖದಲ್ಲಿ ನಾಟಕವಿರಲಿಲ್ಲ. ಮೇಸ್ತ್ರಿ ಪುಟ್ಟಿ ಕಂಡದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವಳು ಕೇಳಲಿಲ್ಲ. ಹೇಳಿಕೊಡಲು ಬೇಕಾದದ್ದೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

"ನಂಗೆ ಬರಲ್ಲ," ಅಂದಳು. "ನಾನು ಕಡೆದಿದ್ದು ಒಡೆದುಹೋಗುತ್ತೆ. ಊರಿಗೆಲ್ಲ ಗೊತ್ತಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಅವಳು ಸೀಮೆಎಣ್ಣೆಯ ತಟ್ಟೆಗೆ ಮತ್ತೆ ಕೈ ಹಾಕಿದಳು. ಅವನನ್ನು ಬರಿಗೈಲಿ ಕಳಿಸಿದ್ದಕ್ಕೆ ಸಂಜೆಯೊಳಗಾದರೂ ಸಂಕಟವಾಗುತ್ತದೆ ಎಂದು ಕಾದಳು. ಆಗಲಿಲ್ಲ. ತಾನು ಇಂಥವಳಾಗಿದ್ದು ಯಾವಾಗ ಎಂದು ಯೋಚಿಸುತ್ತ, ಪಂಪಿನ ಮುಚ್ಚಳವೊಂದನ್ನು ಉಜ್ಜುತ್ತಲೇ ಇದ್ದಳು.