ಇತ್ತು ಅಲ್ಲ, ಇತ್ತ್

ನನ್ನ ಕನ್ನಡವನ್ನು ತಿದ್ದಲು ಬಂದವರಿಗೆ ಲೆಕ್ಕವಿಲ್ಲ. ಮೈಸೂರಿನ ಮೇಷ್ಟ್ರು ತಿದ್ದಿದರು, ಜೀಪಿನಲ್ಲಿ ಬಂದ ಅಧಿಕಾರಿ ಕೆಂಪು ಶಾಯಿಯಲ್ಲಿ ತಿದ್ದಿದರು, ಈಗ ನನಗೆ ಎಂಬತ್ತು ಹತ್ತಿರವಾದ ಮೇಲೂ ಸ್ನೇಹಿತೆಯೊಬ್ಬಳು ಈ ಹಾಳೆಗಳ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದಾಳೆ. ಎಲ್ಲರ ಮಾತನ್ನೂ ಕೇಳಿದ್ದೇನೆ, ಒಂದು ಪದದ ವಿಷಯ ಬಿಟ್ಟು. ಆ ಪದದ ದೆಸೆಯಿಂದ ನಾನು ಒಂದೇ ದಿನ ಏಳು ಮಕ್ಕಳನ್ನು ಕೊಂದಿದ್ದೆ. ಕಾಗದದ ಮೇಲೆ, ಆದರೆ ಅವರ ತಾಯಂದಿರಿಗೆ ಅದೇನೂ ಸಣ್ಣ ಸಂಗತಿಯಾಗಿರಲಿಲ್ಲ.

ಅರವತ್ತರ ದಶಕದ ಕೊನೆ ಅದು. ನನಗೆ ಇಪ್ಪತ್ತೆರಡು. ಊರು ಅಮೆರಿಕದ ನೆಬ್ರಾಸ್ಕಾ, ಅಪ್ಪನದು ಜೋಳದ ಹೊಲ. ಕಾಲೇಜು ಮುಗಿದದ್ದೇ ತಡ, ಸ್ವಯಂಸೇವಕರನ್ನು ಹೊರದೇಶಕ್ಕೆ ಕಳಿಸುವ ಸಂಸ್ಥೆಯೊಂದಕ್ಕೆ ಹೆಸರು ಕೊಟ್ಟೆ. "ಆರು ತಿಂಗಳಲ್ಲಿ ಅಳುತ್ತಾ ವಾಪಸ್ಸು ಬರುತ್ತೀಯ" ಅಂದರು ಅಪ್ಪ. ಆ ಮಾತಿನ ಹಟಕ್ಕೇ ನಾನು ಎರಡು ವರ್ಷ ನಿಂತೆ ಅಂದರೂ ತಪ್ಪಿಲ್ಲ. ಮೂರು ತಿಂಗಳು ಮೈಸೂರಿನ ಮೇಷ್ಟ್ರೊಬ್ಬರು ನಮಗೆ ಕನ್ನಡ ಕಲಿಸಿದರು. ಇದೆ ಎಂದರೆ ಈಗ, ಇತ್ತು ಎಂದರೆ ಆಗ, ಇರುತ್ತದೆ ಎಂದರೆ ಮುಂದೆ. ನೂರು ಸಲ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ನಾನೇ ಮೊದಲು. ಆ ಜಂಬದಲ್ಲೇ ಕುಂದಾಪುರದಿಂದ ಶಂಕರನಾರಾಯಣದ ಬಸ್ಸು ಹತ್ತಿದೆ.

ಶಂಕರನಾರಾಯಣದ ಆಚೆಗಿನ ಒಂದು ಹಳ್ಳಿಯ ಸಣ್ಣ ಆಸ್ಪತ್ರೆಯಲ್ಲಿ ನನ್ನ ಕೆಲಸ. ಮನೆಮನೆಗೆ ಹೋಗಿ ಮಕ್ಕಳ ಹೆಸರು ಬರೆಯುವುದು, ಆಮೇಲೆ ಸಿಡುಬಿನ ಲಸಿಕೆ ಹಾಕುವುದು. ಇಳಿದುಕೊಂಡದ್ದು ಒಬ್ಬ ಮುದುಕಿಯ ಮನೆಯಲ್ಲಿ. ಗದ್ದೆ ನೋಡಿಕೊಳ್ಳುವುದು ಅವರೇ, ಗಂಡುಮಕ್ಕಳಿಬ್ಬರು ಬೊಂಬಾಯಿಯ ಹೋಟೆಲಿನಲ್ಲಿ. ಊರಿಗೆಲ್ಲ ಅವರು ಅಮ್ಮಮ್ಮ, ಹಾಗಾಗಿ ನನಗೂ. ನನ್ನ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ. ಮೊದಲ ದಿನವೇ ಅದನ್ನು ಬದಿಗಿಟ್ಟು "ಹೆಣ್ಣೇ" ಎಂದು ಕರೆದರು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಬಾವಿಯಿಂದ ನೀರು ಸೇದಲು ಕಲಿತೆ, ಅಂಗೈಯಲ್ಲಿ ಗುಳ್ಳೆ ಎದ್ದಾಗ ಯಾರಿಗೂ ತೋರಿಸಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ದಿನಕ್ಕೆ ನಾಲ್ಕು ಜನ ಕೇಳುತ್ತಿದ್ದರು. ನಿಮ್ಮೂರಲ್ಲಿ ಒಳ್ಳೆಯ ಗಂಡು ಇದ್ದರೆ ತೋರಿಸಿ ಎಂದು ನಾನೂ ಕೇಳತೊಡಗಿದ ಮೇಲೆ ಆ ಪ್ರಶ್ನೆ ನಿಂತಿತು.

ಎರಡನೆಯ ವಾರ ಗುಡ್ಡದ ಬುಡದ ಒಂದು ಕೇರಿಗೆ ಹೊರಟೆ. ಜೊತೆಗೆ ಬರಬೇಕಿದ್ದ ನರ್ಸಿಗೆ ಜ್ವರ. ಒಬ್ಬಳೇ ಹೋಗಬೇಡಿ ಎಂದು ಕಂಪೌಂಡರು ಹೇಳಿದ್ದೇ ತಡ, ಒಬ್ಬಳೇ ಹೊರಟೆ. ಮೊದಲ ಮನೆಯಲ್ಲಿ ಒಬ್ಬ ಹೆಂಗಸು ಭತ್ತ ಒಣಗಿಸುತ್ತಿದ್ದಳು.

"ಮನೆಯಲ್ಲಿ ಮಕ್ಕಳು ಇದ್ದಾರೆಯೇ?" ಎಂದೆ, ಪುಸ್ತಕದ ಕನ್ನಡದಲ್ಲಿ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಣ್ ಒಂದ್ ಇತ್ತ್" ಅಂದಳು.

ಹೆಣ್ಣು ಒಂದು ಇತ್ತು. ಅಂದರೆ ಈಗ ಇಲ್ಲ. ಸುತ್ತ ನೋಡಿದೆ, ಮಗುವಿನ ಸುಳಿವಿರಲಿಲ್ಲ. ಹೇಗೆ ಸತ್ತಿತು ಎಂದು ಕೇಳುವುದು ಒಳ್ಳೆಯ ಮನೆತನದವರ ಲಕ್ಷಣವಲ್ಲ ಎಂದು ನನ್ನ ಅಮ್ಮ ಕಲಿಸಿದ್ದಳು. ಹೆಸರು ಮಾತ್ರ ಕೇಳಿಕೊಂಡು, "ನನಗೆ ಬಹಳ ದುಃಖವಾಯಿತು" ಅಂದೆ. ಅವಳು ತಬ್ಬಿಬ್ಬಾಗಿ, "ಎಂತಕ್ಕೆ?" ಅಂದಳು. ಎಂಥ ಗಟ್ಟಿ ಹೆಂಗಸು ಅಂದುಕೊಂಡು ಮುಂದಿನ ಮನೆಗೆ ಹೋದೆ. ಅಲ್ಲಿ "ಶಿಶು ಎರಡ್ ಇತ್ತ್". ಅದರಾಚೆಯ ಮನೆಯಲ್ಲಿ ಮೂರು ಇತ್ತ್. ಕೊನೆಯ ಮನೆಯಲ್ಲಿ ಒಂದು. ಮಧ್ಯಾಹ್ನದ ಹೊತ್ತು, ದೊಡ್ಡ ಮಕ್ಕಳು ಶಾಲೆಯಲ್ಲಿ, ಸಣ್ಣವು ಒಳಗೆ ತೊಟ್ಟಿಲಲ್ಲಿ. ನನಗೆ ಕಂಡದ್ದು ಮಾತ್ರ ಏಳು ಮಕ್ಕಳನ್ನು ಕಳೆದುಕೊಂಡೂ ಭತ್ತ ಒಣಗಿಸುವ ನಾಲ್ವರು ತಾಯಂದಿರು. ರಿಜಿಸ್ಟರಿನಲ್ಲಿ 'ಮರಣ' ಎಂಬ ಅಂಕಣದಲ್ಲಿ ಏಳು ಹೆಸರು ಬರೆದೆ. ಹಿಂದಿರುಗಿ ಬಾವಿಕಟ್ಟೆಯಲ್ಲಿ ಮುಖ ತೊಳೆಯಲು ಹೋದವಳು ಅಲ್ಲೇ ಕೂತು ಅತ್ತೆ. ಅಮ್ಮಮ್ಮ ದೂರದಿಂದ ನೋಡಿ, ಊರಿನ ನೆನಪು ಬಂದಿರಬೇಕು ಎಂದು ಸುಮ್ಮನಾದರಂತೆ.

ಆಸ್ಪತ್ರೆಯಿಂದ ವರದಿ ಹೋಗಿ, ಮೂರನೆಯ ದಿನ ಕುಂದಾಪುರದಿಂದ ಜೀಪು ಬಂತು. ಒಂದೇ ಕೇರಿಯಲ್ಲಿ ಏಳು ಮಕ್ಕಳ ಸಾವು ಎಂದರೆ ಸಿಡುಬೇ ಸರಿ ಎಂದು ಮೇಲಧಿಕಾರಿ ಔಷಧದ ಪೆಟ್ಟಿಗೆ, ನಾಲ್ಕು ಜನ ಸಿಬ್ಬಂದಿ ಎಲ್ಲ ಹೇರಿಕೊಂಡು ಬಂದಿದ್ದರು. ನನ್ನನ್ನೂ ಹತ್ತಿಸಿಕೊಂಡರು. ಅಂದು ಶಾಲೆಗೆ ರಜೆ. ಕೇರಿಯ ತಿರುವಿನಲ್ಲಿ ಜೀಪು ಕಂಡದ್ದೇ ಮಕ್ಕಳ ಹಿಂಡು ಕೇಕೆ ಹಾಕುತ್ತಾ ಹಿಂದೆ ಓಡಿ ಬಂತು. ಅಧಿಕಾರಿ ಇಳಿದು ನನ್ನ ರಿಜಿಸ್ಟರ್ ತೆರೆದು ಒಂದೊಂದೇ ಹೆಸರು ಕೂಗಿದರು. ಪ್ರತಿ ಹೆಸರಿಗೂ ಒಂದು ಮಗು "ಓ" ಎಂದು ಕೈ ಎತ್ತಿತು. ಸೊಂಟದ ಮೇಲಿದ್ದ ಎರಡು ಕೂಸುಗಳ ಪರವಾಗಿ ತಾಯಂದಿರು ಓಗೊಟ್ಟರು. ಸತ್ತವರ ಹಾಜರಿ ಪೂರ್ತಿ ಏಳಕ್ಕೆ ಏಳು.

ಅಲ್ಲಿಯ ಕನ್ನಡದಲ್ಲಿ ಇತ್ತ್ ಎಂದರೆ ಇದೆ. ಮೂರು ತಿಂಗಳ ಪಾಠದಲ್ಲಿ ಇಷ್ಟು ಮಾತ್ರ ಯಾರೂ ಹೇಳಿರಲಿಲ್ಲ.

ಅಧಿಕಾರಿ ನಕ್ಕರು. ನಗು ನಿಂತ ಮೇಲೆ, "ನಾಳೆ ಸಾಮಾನು ಕಟ್ಟಿ. ಕುಂದಾಪುರದ ಕಛೇರಿಯಲ್ಲಿ ಕೂತು ಟೈಪ್ ಮಾಡಿ. ಹಳ್ಳಿ ನಿಮ್ಮಿಂದಾಗದು" ಅಂದರು. ಅಪ್ಪನ ದನಿಯೇ ಕೇಳಿದ ಹಾಗಾಯಿತು.

"ನಾನು ಹೋಗುವುದಿಲ್ಲ" ಅಂದೆ. "ಒಂದು ವಾರ ಕೊಡಿ. ಈ ಏಳು ಮಕ್ಕಳಿಗೂ ನಾನೇ ಲಸಿಕೆ ಹಾಕುತ್ತೇನೆ. ಒಂದು ತಪ್ಪಿದರೂ ನಾನೇ ಬಸ್ಸು ಹತ್ತುತ್ತೇನೆ."

ಅವರು ಭುಜ ಕುಣಿಸಿ ಒಪ್ಪಿದರು. ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಯಾಕೆಂದರೆ ರಿಜಿಸ್ಟರಿನಲ್ಲಿ ಏನು ಬರೆದಿತ್ತು ಎಂಬುದು ಅಷ್ಟರಲ್ಲಿ ಕೇರಿಗೆಲ್ಲ ಗೊತ್ತಾಗಿ ಹೋಗಿತ್ತು.

ಮರುದಿನ ಲಸಿಕೆಯ ಪೆಟ್ಟಿಗೆ ಹಿಡಿದು ಹೋದರೆ ನಾಲ್ಕೂ ಬಾಗಿಲು ಮುಚ್ಚಿದವು. ಭತ್ತ ಒಣಗಿಸುತ್ತಿದ್ದ ಹೆಂಗಸು ಕಿಟಕಿಯಿಂದಲೇ, "ನಮ್ಮನಿ ಹೆಣ್ಣ್ ಸತ್ತ್ ಹೋಯ್ತ್ ಅಂದ್ ಬರ್ದದ್ದ್ ನೀನೇ ಅಲ್ದಾ? ಇನ್ ಸೂಜಿ ಬೇರೆ ಹಾಕ್ಕಾ?" ಅಂದಳು. ಅವಳ ಜಾಗದಲ್ಲಿ ನಾನಿದ್ದರೂ ಬಾಗಿಲು ಹಾಕುತ್ತಿದ್ದೆ. ಆದರೂ ಎರಡನೆಯ ದಿನ ಹೋದೆ, ಮೂರನೆಯ ದಿನವೂ ಹೋದೆ. ಮುಚ್ಚಿದ ಬಾಗಿಲಿನ ಮುಂದೆ ಬಿಸಿಲಲ್ಲಿ ಕೂತೆ. ಮೂಗಿನ ಸಿಪ್ಪೆ ಸುಲಿಯಿತು.

ಅಮ್ಮಮ್ಮ ಗಂಜಿ ಬಡಿಸುತ್ತಾ, "ಎಂತ ಆಯ್ತ್ ಹೆಣ್ಣೇ? ಸಮಾ ಹೇಳ್" ಅಂದರು. ಬಾವಿಕಟ್ಟೆಯಲ್ಲಿ ಅತ್ತದ್ದನ್ನೂ ಬಿಡದೆ ಎಲ್ಲ ಹೇಳಿದೆ. ಅವರು ಸೌಟು ಕೆಳಗಿಟ್ಟರು.

"ಆ ಮಕ್ಳ್ ಸತ್ತ್ ಹೋಯ್ತ್ ಅಂದ್ಕಂಡ್ ಅತ್ತದ್ದಾ? ನಿಜವಾಯ್ಲೂ?"

"ನಿಜವಾಗಿಯೂ."

"ಹಾಂಗಾರೆ ಏಳ್. ನಾನೂ ಬತ್ತೆ."

ಆ ಬಿಸಿಲಿನಲ್ಲಿ ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದರು. ಮೊದಲ ಮನೆಯ ಬಾಗಿಲು ತಟ್ಟಲೂ ಇಲ್ಲ. ಅಂಗಳದ ನಡುವೆ ನಿಂತು ನಾಲ್ಕೂ ಮನೆಗೆ ಕೇಳುವ ಹಾಗೆ ದನಿ ಎತ್ತಿದರು.

"ಹ್ವಾಯ್, ಕಾಕಿ ತಲಿ ಮೇಲ್ ಕೂತ್ರೆ ನೀವ್ ಎಂತ ಮಾಡ್ತ್ರಿ? ಸತ್ತ್ ಹೋದ್ರ್ ಅಂದ್ ನೆಂಟ್ರಿಗ್ ಸುಳ್ಳ್ ಸುದ್ದಿ ಕಳ್ಸುದಿಲ್ಯಾ? ಅವ್ರ್ ಅತ್ತ್ ಮುಗ್ಸಿದ್ ಮೇಲೆ ಕಂಟಕ ಕಳಿತ್, ಆಯಸ್ಸ್ ಗಟ್ಟಿ ಆತ್ತ್ ಅಲ್ದಾ? ಈ ಹೆಣ್ಣ್ ಸರ್ಕಾರದ್ ಪುಸ್ತಕ್ದೊಳ್ಗೇ ಬರ್ದಿತ್ತ್. ನಮ್ಮನಿ ಬಾವಿಕಟ್ಟಿ ಮೇಲ್ ಕೂತ್ಕಂಡ್ ಮರ್ಕಿತ್ತ್. ನಾನೇ ಕಂಡಿದೆ. ಇನ್ನೆಂತ ಬೇಕ್ ನಿಮ್ಗೆ?"

ಕಾಗೆ ತಲೆ ಮುಟ್ಟಿದರೆ ಹೀಗೆ ಕಂಟಕ ಕಳೆಯುವ ಪದ್ಧತಿ ನನಗೆ ಗೊತ್ತಾದದ್ದು ಅಂದೇ. ಆಮೇಲೆ ಭತ್ತದ ಹೆಂಗಸಿನ ಬಾಗಿಲು ತೆರೆಯಿತು. ಮಗಳ ಕೈಹಿಡಿದು ಅಂಗಳಕ್ಕೆ ಬಂದು, ನನ್ನ ಮುಖವನ್ನೇ ನೋಡುತ್ತಾ, "ನಮ್ಮನಿ ಹೆಣ್ಣಿಗೂ ಅತ್ತದ್ದಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಅವಳು ಮಗಳ ತೋಳನ್ನು ನನ್ನ ಮುಂದೆ ಚಾಚಿದಳು. ಪೆಟ್ಟಿಗೆ ತೆರೆದು ಸೂಜಿ ತೆಗೆದೆ. ಸಂಜೆಯೊಳಗೆ ಏಳೂ ಮಕ್ಕಳ ತೋಳಿನಲ್ಲಿ ಗುರುತು ಬಿತ್ತು. ಪಕ್ಕದ ಕೇರಿಯ ಒಬ್ಬಳು ಮಗನನ್ನು ಎಳೆದುಕೊಂಡು ಬಂದು, "ನಮ್ಮನಿ ಮಾಣಿನೂ ಸತ್ತದ್ದ್ ಅಂದ್ ಬರ್ಕಣಿ" ಅಂದಳು. ಬರೆಯಲಾರೆ, ಸೂಜಿ ಮಾತ್ರ ಹಾಕುತ್ತೇನೆ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ರಿಜಿಸ್ಟರಿನ ಆ ಪುಟವನ್ನು ಹರಿದು ಹೊಸದಾಗಿ ಬರೆಯಿರಿ ಎಂದು ಅಧಿಕಾರಿಯ ಚೀಟಿ ಬಂತು. ನಾನು ಹರಿಯಲಿಲ್ಲ. 'ಮರಣ'ದ ಮೇಲೆ ಗೀಟು ಎಳೆದು ಏಳು ಹೆಸರಿನ ಮುಂದೆಯೂ 'ಇತ್ತ್' ಎಂದು ಬರೆದು ಕಳಿಸಿದೆ. ಏಳನ್ನೂ ಕೆಂಪು ಶಾಯಿಯಲ್ಲಿ 'ಇದೆ' ಎಂದು ತಿದ್ದಿ ಹಿಂದಕ್ಕೆ ಕಳಿಸಿದರು. ಕೆಂಪು ಶಾಯಿಯ ಕೆಳಗೆ ಮತ್ತೆ 'ಇತ್ತ್' ಎಂದು ಬರೆದೆ. ತಾಯಂದಿರು ಹೇಳಿದ್ದು ಅದನ್ನೇ, ನಾನು ತಪ್ಪಾಗಿ ಕೇಳಿಸಿಕೊಂಡಿದ್ದೆ, ಅಷ್ಟೆ. ಆಮೇಲೆ ಪುಸ್ತಕ ವಾಪಸ್ಸು ಬರಲಿಲ್ಲ, ಸಾಮಾನು ಕಟ್ಟುವ ಮಾತೂ ಬರಲಿಲ್ಲ.

ಎರಡು ವರ್ಷ ತುಂಬಿ ಹೊರಡುವ ದಿನ ಅಮ್ಮಮ್ಮ ಬಸ್ಸಿನ ತನಕ ಬಂದರು. ಅವರು ಅಳಲಿಲ್ಲ, ನಾನೂ ಹಟಕ್ಕೆ ಅಳಲಿಲ್ಲ. ಬಸ್ಸಿನ ಕಿಟಕಿಯ ಸರಳು ಹಿಡಿದು, "ಹೆಣ್ಣೇ, ಮರಿಬೇಡ. ನಿಂಗೆ ಇಲ್ಲೊಂದ್ ಮನಿ ಇತ್ತ್" ಅಂದರು. ಅಂದು ಆ ಮಾತನ್ನು ನಾನು ಮನಸ್ಸಿನಲ್ಲಿ ಯಾವ ಭಾಷೆಗೂ ತಿರುಗಿಸಿಕೊಳ್ಳಲಿಲ್ಲ. ಕೇಳಿದ್ದೇ ಅರ್ಥವಾಯಿತು.

ಅಮ್ಮಮ್ಮ ಹೋಗಿ ಎಷ್ಟೋ ವರ್ಷವಾಯಿತು. ಸುದ್ದಿಯ ಕಾಗದ ನೆಬ್ರಾಸ್ಕಾಕ್ಕೆ ಬಂದಾಗ ಅತ್ತೆ. ಸುಳ್ಳು ಸುದ್ದಿಯಾಗಿರಲಿ ಎಂದು ಅತ್ತೆ. ಆ ಸಲ ಅದು ನಿಜವಾಗಿತ್ತು. ಮನೆಯನ್ನೂ ಕೆಡವಿದರಂತೆ. ಹಾಗಾಗಿ ಸ್ನೇಹಿತೆ ಪೆನ್ಸಿಲ್ ಎತ್ತಿ, ಕೊನೆಯ ಸಾಲಿನಲ್ಲಿ 'ಇತ್ತು' ಎಂದಾಗಬೇಕು, ಒಂದು ಕೊಂಬು ಬಿಟ್ಟುಹೋಗಿದೆ ಅನ್ನುತ್ತಿದ್ದಾಳೆ. ಬಿಟ್ಟುಹೋಗಿಲ್ಲ, ನಾನೇ ಹಾಕಲಿಲ್ಲ. ಪೆನ್ಸಿಲ್ ಕೆಳಗಿಡು ಅಂದಿದ್ದೇನೆ.

ನಂಗೆ ಅಲ್ಲೊಂದ್ ಮನಿ ಇತ್ತ್.